ಕೆಲಸ ಅಂದ್ರೆ ಹಿಂಸೆನಾ? ಫ್ರೆಂಚ್ ಕ್ರಿಯಾಪದ 'ತ್ರಾವಾಯೇ'ಯ ಬೇರು ಹುಡುಕುತ್ತಾ

ಪ್ಲೇಸ್‌ಮೆಂಟ್ ಸೀಸನ್ ಮಧ್ಯೆ ನಮ್ಮ ಸಂಘದ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಫ್ರೆಂಚಿನಲ್ಲಿ 'ಕೆಲಸ ಮಾಡು' ಅನ್ನೋದಕ್ಕೆ ಇರುವ ಪದ ರೋಮನ್ನರ ಚಿತ್ರಹಿಂಸೆಯ ಯಂತ್ರದ ಹೆಸರಿನಿಂದ ಬಂದಿದೆಯಂತೆ. ಕೆಲಸ ಅಂದ್ರೆ ಹಿಂಸೆ ಅಂತ ಅವರಿಗೆ ಆಗಲೇ ಗೊತ್ತಿತ್ತಂತೆ. ಆಫರ್ ಸಿಕ್ಕವರು ನಕ್ಕರು. ಸಿಗದವರು ಇನ್ನೂ ಜೋರಾಗಿ ನಕ್ಕರು. ಇಂಟರ್ನ್‌ಶಿಪ್ಪನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ ಗೆಳೆಯನೊಬ್ಬ ಮಾತ್ರ ನಗಲಿಲ್ಲ. "ಇದು ನಿಜಾನಾ, ಸುಮ್ನೆ ಹೊಡೆದಿದ್ದಾ?" ಅಂತ ಒಂದೇ ಸಾಲು ಕೇಳಿದ.

ನಮ್ಮಲ್ಲಿ ನಾಲ್ಕೈದು ಜನ ಫ್ರೆಂಚ್ ಕಲಿಯುತ್ತಿದ್ದೇವೆ. ಆದರೂ ಯಾರಿಗೂ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಈ ಸಲದ 'ಪದಕಟ್ಟೆ'ಗೆ ಇದನ್ನೇ ಆರಿಸಿಕೊಂಡೆವು. ಪದದ ಮೂಲ ಹುಡುಕುವುದೂ ಪ್ರೋಗ್ರಾಮಿನಲ್ಲಿ ಬಗ್ ಹುಡುಕುವುದೂ ಹೆಚ್ಚುಕಡಿಮೆ ಒಂದೇ ಥರದ ಕೆಲಸ. ಔಟ್‌ಪುಟ್ ಸರಿ ಕಾಣುತ್ತಿದೆ ಅಂದ ಮಾತ್ರಕ್ಕೆ ಕೋಡ್ ಸರಿ ಇದೆ ಅಂತ ಹೇಳಲಾಗದು, ಒಂದೊಂದೇ ಹೆಜ್ಜೆ ನಡೆದು ನೋಡಬೇಕು. ಬನ್ನಿ, ನಡೆಯೋಣ.

ಮೊದಲು ಪದದ ಪರಿಚಯ

'ತ್ರಾವಾಯೇ' ಅಂದರೆ ಕೆಲಸ ಮಾಡು. 'ಜ ತ್ರಾವಾಯ್' ಅಂದರೆ ನಾನು ಕೆಲಸ ಮಾಡುತ್ತೇನೆ. 'ತ್ರಾವಾಯ್' ಅನ್ನುವುದೇ ನಾಮಪದವೂ ಹೌದು: ಕೆಲಸ. ಬಹುವಚನ 'ತ್ರಾವೋ'. ಈ ಕ್ರಿಯಾಪದವನ್ನು ಬರೆಯುವಾಗ ಕೊನೆಯ ಭಾಗದಲ್ಲಿ ಎರಡು 'ಎಲ್' ಅಕ್ಷರ ಇರುತ್ತವೆ, ಓದುವಾಗ ಮಾತ್ರ ಅಲ್ಲಿ 'ಯ' ಕೇಳಿಸುತ್ತದೆ. ಕಲಿಯಲು ಶುರುಮಾಡಿದವರಿಗೆಲ್ಲ ಇದೊಂದು ಕಿರಿಕಿರಿ. ಆದರೆ ನಾವು ಹುಡುಕುತ್ತಿರುವ ಉತ್ತರದ ಮೊದಲ ಸುಳಿವು ಅಲ್ಲೇ ಅಡಗಿದೆ. ನೆನಪಿಟ್ಟುಕೊಳ್ಳಿ.

ಫಾರ್ವರ್ಡ್ ಹೇಳುವ ಮೂಲ ಪದ ಲ್ಯಾಟಿನ್ನಿನ 'ತ್ರಿಪಾಲಿಯುಮ್'. 'ತ್ರಿ' ಅಂದರೆ ಮೂರು, ನಮ್ಮ ತ್ರಿಕೋನ, ತ್ರಿಶೂಲದ 'ತ್ರಿ'ಗೆ ದಾಯಾದಿ. 'ಪಾಲುಸ್' ಅಂದರೆ ಗೂಟ. ಒಟ್ಟಿಗೆ ಮೂರು ಗೂಟದ ಸಾಧನ. ಇದು ಯಾರೋ ಕಟ್ಟಿದ ಪದವಲ್ಲ, ದಾಖಲೆ ಇದೆ. 6ನೇ ಶತಮಾನದ ಕೊನೆಯ ಭಾಗದಲ್ಲಿ ಈಗಿನ ಫ್ರಾನ್ಸಿನ ಓಸೇರ್ ಊರಿನಲ್ಲಿ ಒಂದು ಕ್ರೈಸ್ತ ಧರ್ಮಸಭೆ ನಡೆಯಿತು. ಅಲ್ಲಿ ಮಾಡಿದ ನಿಯಮಗಳಲ್ಲಿ ಒಂದರ ಸಾರಾಂಶ ಇದು: ಆರೋಪಿಗಳಿಗೆ ಹಿಂಸೆ ಕೊಡುವ 'ತ್ರೆಪಾಲಿಯುಮ್' ಹತ್ತಿರ ಪಾದ್ರಿಗಳು ನಿಲ್ಲಬಾರದು. ಅಂದರೆ ಆ ಹೆಸರಿನ ಸಾಧನ ಇದ್ದದ್ದು ನಿಜ, ಅದನ್ನು ಹಿಂಸೆಗೆ ಬಳಸುತ್ತಿದ್ದದ್ದೂ ನಿಜ. ಅದರ ಮೊದಲ ಸ್ವರ 'ತ್ರಿ' ಅಲ್ಲ, 'ತ್ರೆ' ಅಂತ ಬರೆದಿರುವುದನ್ನೂ ಗಮನಿಸಿ. ಮುಂದೆ ಬೇಕಾಗುತ್ತದೆ.

ಹಾಗಾದರೆ ಫಾರ್ವರ್ಡ್ ಸರಿ ಅಂತಾಯ್ತಲ್ಲ? ಇನ್ನೂ ಇಲ್ಲ. ಸಾಧನ ಇತ್ತು ಅನ್ನುವುದು ಬೇರೆ, 'ತ್ರಾವಾಯೇ' ಅದರಿಂದಲೇ ಹುಟ್ಟಿತು ಅನ್ನುವುದು ಬೇರೆ. ಚೆಂದದ ಕಥೆಗೆ ಮರುಳಾಗುವುದು ಎಷ್ಟು ಸುಲಭ ಅನ್ನುವುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ 'ಬೆಂದಕಾಳೂರು' ಅಂತ ಹೆಸರಾಯಿತು ಎಂಬ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಆ ಹೊಯ್ಸಳ ದೊರೆ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ವೀರಗಲ್ಲಿನ ಶಾಸನದಲ್ಲಿ ಸುಮಾರು ಕ್ರಿ.ಶ. 890ರಲ್ಲೇ 'ಬೆಂಗಳೂರು' ಅನ್ನುವ ಹೆಸರು ಇದೆ. ಅಜ್ಜಿ ಕಾಳು ಬೇಯಿಸುವ ಮೂರು ಶತಮಾನ ಮೊದಲೇ ಊರಿಗೆ ಹೆಸರಿತ್ತು! ಆದ್ದರಿಂದ 'ತ್ರಾವಾಯೇ'ಯನ್ನೂ ಪರೀಕ್ಷೆ ಮಾಡಿಯೇ ಒಪ್ಪೋಣ.

ಪರೀಕ್ಷೆ ಒಂದು: ಧ್ವನಿ

ಭಾಷೆಯಲ್ಲಿ ಧ್ವನಿಗಳು ಮನಸ್ಸಿಗೆ ಬಂದ ಹಾಗೆ ಬದಲಾಗುವುದಿಲ್ಲ. ಒಂದು ಧ್ವನಿ ಒಂದು ಪದದಲ್ಲಿ ಬದಲಾದರೆ, ಅದೇ ಸನ್ನಿವೇಶ ಇರುವ ಬೇರೆ ಪದಗಳಲ್ಲೂ ಸಾಮಾನ್ಯವಾಗಿ ಬದಲಾಗಿರುತ್ತದೆ. ಕನ್ನಡದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹಳಗನ್ನಡದ 'ಪಾಲ್' ಇಂದು 'ಹಾಲು'. 'ಪುಲಿ' ಹುಲಿ ಆಯಿತು, 'ಪಲ್' ಹಲ್ಲು ಆಯಿತು, 'ಪೂ' ಹೂವಾಯಿತು, 'ಪೋಗು' ಹೋಗು ಆಯಿತು. ಪದದ ಮೊದಲಲ್ಲಿದ್ದ 'ಪ' ಸಾಲಾಗಿ 'ಹ' ಆಗಿದೆ. ತಮಿಳಿನಲ್ಲಿ ಇವತ್ತಿಗೂ ಪಾಲ್, ಪುಲಿ, ಪಲ್, ಪೂ ಅಂತಲೇ ಇವೆ. ಯಾರಾದರೂ ಬಂದು 'ಹಾಲು' ಪದಕ್ಕೆ ಬೇರೆ ಕಥೆ ಹೇಳಿದರೆ ನಾವು ಈ ಸಾಲನ್ನು ತೋರಿಸಿ "ಇದಕ್ಕೇನಂತೀರಿ?" ಅಂತ ಕೇಳಬಹುದು.

ಲ್ಯಾಟಿನ್ನಿನಿಂದ ಫ್ರೆಂಚಿಗೆ ಬರುವಾಗಲೂ 'ಪ'ಗೆ ಒಂದು ಗತಿ ಆಯಿತು. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ 'ಪ' ಮೆತ್ತಗಾಗಿ 'ವ' ಆಯಿತು. ಸ್ಪ್ಯಾನಿಷ್‌ನಲ್ಲಿ ಅದು 'ಬ'ಗೆ ನಿಂತಿತು.

- ಲ್ಯಾಟಿನ್ 'ಸಪೆರೆ' (ರುಚಿ ತಿಳಿ, ಅರಿವಿರು): ಫ್ರೆಂಚ್ 'ಸಾವ್ವಾರ್', ಸ್ಪ್ಯಾನಿಷ್ 'ಸಾಬೆರ್'. ಎರಡಕ್ಕೂ ಅರ್ಥ ತಿಳಿದಿರು.
- ಲ್ಯಾಟಿನ್ 'ಲುಪಾ' (ಹೆಣ್ಣು ತೋಳ): ಫ್ರೆಂಚ್ 'ಲೂವ್', ಸ್ಪ್ಯಾನಿಷ್ 'ಲೋಬಾ'.
- ಲ್ಯಾಟಿನ್ 'ರೀಪಾ' (ನದಿಯ ದಡ): ಫ್ರೆಂಚ್ 'ರೀವ್', ಸ್ಪ್ಯಾನಿಷ್ 'ರೀಬಾ'.

ಈಗ 'ತ್ರಿಪಾಲಿಯುಮ್' ನೋಡಿ. ಅದರ 'ಪ' ಕೂಡ ಎರಡು ಸ್ವರಗಳ ನಡುವೆ ಇದೆ. ಫ್ರೆಂಚಿನಲ್ಲಿ 'ತ್ರಾವಾಯ್', ಅಂದರೆ 'ವ'. ಸ್ಪ್ಯಾನಿಷ್‌ನಲ್ಲಿ ಕೆಲಸಕ್ಕೆ 'ತ್ರಾಬಾಹೊ', ಅಂದರೆ 'ಬ'. ನಿಯಮಕ್ಕೆ ಸರಿಯಾಗಿ ಕೂತಿದೆ.

ಮುಂದೆ 'ಲಿಯ'. ಲ್ಯಾಟಿನ್ನಿನ 'ಲ' ಆದಮೇಲೆ 'ಇ' ಅಥವಾ 'ಎ' ಬಂದು, ಅದರ ಹಿಂದೆಯೇ ಇನ್ನೊಂದು ಸ್ವರ ಬಂದರೆ, ಎಲ್ಲ ಸೇರಿ 'ಲ್ಯ'ದಂಥ ಒಂದೇ ಧ್ವನಿ ಆಗುತ್ತಿತ್ತು. ಫ್ರೆಂಚ್ ಅದನ್ನು ಎರಡು 'ಎಲ್' ಹಾಕಿ ಬರೆಯಿತು. ಆಮೇಲೆ ನಾಲಗೆ ಇನ್ನೂ ಸಡಿಲವಾಗಿ 'ಲ್ಯ' ಬರೀ 'ಯ' ಆಯಿತು, ಕಾಗುಣಿತ ಮಾತ್ರ ಹಳೆಯದೇ ಉಳಿಯಿತು. ಮೇಲೆ ನೆನಪಿಟ್ಟುಕೊಳ್ಳಿ ಅಂದೆವಲ್ಲ, ಆ ಕಿರಿಕಿರಿಗೆ ಕಾರಣ ಇದೇ. ಸ್ಪ್ಯಾನಿಷ್‌ನಲ್ಲಿ ಆ 'ಲ್ಯ' ಬೇರೆ ದಾರಿ ಹಿಡಿದು ಕೊನೆಗೆ ಗಂಟಲಿನ 'ಹ' ಆಯಿತು.

- 'ಪಾಲೆಯಾ' (ಹುಲ್ಲು, ಹೊಟ್ಟು): ಫ್ರೆಂಚ್ 'ಪಾಯ್', ಸ್ಪ್ಯಾನಿಷ್ 'ಪಾಹಾ'.
- 'ಫೀಲಿಯಾ' (ಮಗಳು): ಫ್ರೆಂಚ್ 'ಫೀಯ್', ಸ್ಪ್ಯಾನಿಷ್ 'ಈಹಾ'.
- 'ಫೋಲಿಯಾ' (ಎಲೆ): ಫ್ರೆಂಚ್ 'ಫೊಯ್', ಸ್ಪ್ಯಾನಿಷ್ 'ಓಹಾ'.

'ತ್ರಾವಾಯ್' ಮತ್ತು 'ತ್ರಾಬಾಹೊ' ಈ ಸಾಲಿನಲ್ಲೂ ತಪ್ಪಿಲ್ಲದೆ ನಿಲ್ಲುತ್ತವೆ. ಎರಡು ಬೇರೆ ಬೇರೆ ನಿಯಮ, ಎರಡು ಬೇರೆ ಬೇರೆ ಭಾಷೆ, ನಾಲ್ಕೂ ಕಡೆ ಹೊಂದಾಣಿಕೆ. ಇಲ್ಲಿಗೆ ಬಂದಾಗ ನಮಗೂ ಖುಷಿ ಆಯಿತು.

ಒಂದು ಬಗ್

ಆದರೆ ಮೊದಲ ಸ್ವರ? ಲ್ಯಾಟಿನ್ನಿನ ಹ್ರಸ್ವ 'ಇ' ಮುಂದಿನ ಭಾಷೆಗಳಲ್ಲಿ ಸಾಮಾನ್ಯವಾಗಿ 'ಎ' ಆಗುತ್ತದೆ. ಓಸೇರ್ ಸಭೆಯ ದಾಖಲೆಯಲ್ಲಿ 'ತ್ರೆಪಾಲಿಯುಮ್' ಅಂತ ಇರುವುದು ಅದಕ್ಕೇ. ದಕ್ಷಿಣ ಫ್ರಾನ್ಸಿನ ಹಳೆಯ ಓಕ್ಸಿತಾನ್ ಭಾಷೆಯಲ್ಲೂ 'ತ್ರೆಬಾಲ್ಯ್' ಅನ್ನುವ ರೂಪವಿದೆ. ಹಾಗಾದರೆ ಫ್ರೆಂಚಿನಲ್ಲಿ 'ತ್ರೆವಾಯ್' ಆಗಬೇಕಿತ್ತು. 'ತ್ರಾ' ಯಾಕೆ ಬಂತು?

ಇದಕ್ಕೆ ವಿದ್ವಾಂಸರು ಕೊಡುವ ಒಂದು ಉತ್ತರ: ಪಕ್ಕದ ಉಚ್ಚಾರದಲ್ಲಿರುವ 'ಆ' ಹಿಂದಿನ ಸ್ವರವನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಇದು ಈ ಪದ ಒಂದಕ್ಕಾಗಿ ಹುಡುಕಿದ ನೆಪವಲ್ಲ, ಬೇರೆ ಉದಾಹರಣೆಗಳೂ ಇವೆ. ಲ್ಯಾಟಿನ್ 'ಸಿಲ್ವಾತಿಕುಸ್' (ಕಾಡಿನ) ಅನ್ನುವುದು ಆಡುಮಾತಿನಲ್ಲಿ 'ಸಲ್ವಾತಿಕುಸ್' ಆಗಿ, ಅದರಿಂದ ಫ್ರೆಂಚಿನ 'ಸೋವಾಜ್' ಬಂತು. ಎರಡು ತಟ್ಟೆಯ ತಕ್ಕಡಿಗೆ ಇದ್ದ 'ಬಿಲಾನ್ಸ್' ಪದದ ಸಂತತಿ ಫ್ರೆಂಚಿನಲ್ಲಿ 'ಬಾಲಾಂಸ್' ಆಯಿತು. ನಾವು ದಿನಾ ಹೇಳುವ 'ಬ್ಯಾಲೆನ್ಸ್' ಅಲ್ಲಿಂದಲೇ ಬಂದದ್ದು. ಎರಡರಲ್ಲೂ 'ಇ' ಇದ್ದ ಜಾಗದಲ್ಲಿ ಮುಂದಿನ 'ಆ'ದ ಪ್ರಭಾವದಿಂದ 'ಅ' ಬಂದಿದೆ.

ಎದುರಾಳಿ

ಇಲ್ಲಿಗೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬ ಅಭ್ಯರ್ಥಿ ಎದುರಾದ. ಲ್ಯಾಟಿನ್ನಿನಲ್ಲಿ 'ತ್ರಾಬ್ಸ್' ಅಂದರೆ ಮರದ ತೊಲೆ. ಅದಕ್ಕೆ ಸಾಧನವನ್ನು ಸೂಚಿಸುವ 'ಆಕುಲುಮ್' ಪ್ರತ್ಯಯ ಸೇರಿಸಿದರೆ 'ತ್ರಾಬಾಕುಲುಮ್'. ಸ್ವರಗಳ ನಡುವಿನ 'ಬ' ಕೂಡ ಫ್ರೆಂಚಿನಲ್ಲಿ 'ವ' ಆಗುತ್ತದೆ: 'ಫಾಬಾ' (ಅವರೆಯ ಜಾತಿಯ ಕಾಳು) ಇಂದು 'ಫೇವ್'. 'ಆಕುಲುಮ್' ಕೂಡ 'ಆಯ್' ಆಗುತ್ತದೆ: ಹಡಗಿನ ಚುಕ್ಕಾಣಿಗೆ 'ಗುಬೆರ್ನಾಕುಲುಮ್' ಅನ್ನುತ್ತಿದ್ದರು, ಇಂದು 'ಗೂವೆರ್ನಾಯ್'. ಸ್ಪ್ಯಾನಿಷ್‌ನಲ್ಲೂ 'ಸ್ಪೆಕುಲುಮ್' (ಕನ್ನಡಿ) ಹೋಗಿ 'ಎಸ್ಪೇಹೊ' ಆಗಿದೆ. ಅಂದರೆ ತೊಲೆಯ ಪದ ಹೊರಟರೂ 'ತ್ರಾವಾಯ್', 'ತ್ರಾಬಾಹೊ'ಗಳನ್ನೇ ತಲುಪುತ್ತದೆ. ಮೊದಲ ಸ್ವರದ ತಕರಾರೂ ಇಲ್ಲ!

ಹಾಗಾದರೆ ತೊಲೆಗೇ ಓಟು ಹಾಕೋಣವೇ? ಎರಡು ತೊಂದರೆ ಇವೆ. 'ತ್ರಾಬ್ಸ್' ಲ್ಯಾಟಿನ್ನಿನ ನಿಜವಾದ ಪದ, ಆದರೆ 'ತ್ರಾಬಾಕುಲುಮ್' ಊಹಿಸಿ ಕಟ್ಟಿದ ರೂಪ. ಜೊತೆಗೆ ಓಕ್ಸಿತಾನಿನ 'ತ್ರೆಬಾಲ್ಯ್'ನಲ್ಲಿ 'ಎ' ಹೇಗೆ ಬಂತು ಅಂತ ಈಗ ಇವರು ಉತ್ತರಿಸಬೇಕಾಗುತ್ತದೆ.

ಈ ಜಗಳ ಹಳೆಯದು. 1863ರಿಂದ ಪ್ರಕಟವಾದ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಎಮಿಲ್ ಲಿತ್ರೆ ತೊಲೆಯ ಪಕ್ಷ ಹಿಡಿದಿದ್ದ. 1888ರಲ್ಲಿ ಪಾಲ್ ಮೇಯೆರ್ ಅನ್ನುವ ಭಾಷಾಶಾಸ್ತ್ರಜ್ಞ ಓಕ್ಸಿತಾನ್ ರೂಪದ 'ಎ'ಯನ್ನೇ ಮುಖ್ಯವಾಗಿ ಹಿಡಿದು 'ತ್ರಿಪಾಲಿಯುಮ್' ಪರ ವಾದಿಸಿದ. ಅಲ್ಲಿಂದೀಚೆಗೆ ಹೆಚ್ಚಿನ ನಿಘಂಟುಗಳು ಅದನ್ನೇ ಒಪ್ಪಿಕೊಂಡಿವೆ. ತೊಲೆಗೆ ಸಂಬಂಧಿಸಿದ ಪದಗಳು ಪಕ್ಕದಲ್ಲೇ ಇದ್ದು 'ತ್ರಾ' ಆಗಲು ಸಹಾಯ ಮಾಡಿರಬಹುದು ಅನ್ನುವವರೂ ಇದ್ದಾರೆ. 1984ರಲ್ಲಿ ಮರೀ-ಫ್ರಾನ್ಸ್ ದೆಲ್ಪೋರ್ ಸ್ಪ್ಯಾನಿಷ್‌ನ 'ತ್ರಾಬಾಹಾರ್' ಕ್ರಿಯಾಪದವನ್ನು ಅಧ್ಯಯನ ಮಾಡಿ ಹಿಂಸೆಯ ಕಥೆಯನ್ನೇ ಪ್ರಶ್ನಿಸಿದರು. ಅಡ್ಡಿಯನ್ನು ಎದುರಿಸಿಕೊಂಡು ಗುರಿಯ ಕಡೆಗೆ ಜಗ್ಗುವುದು ಆ ಪದದ ತಿರುಳು ಅನ್ನುವುದು ಅವರ ವಾದ.

ಒಟ್ಟಿನಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ: 'ತ್ರಿಪಾಲಿಯುಮ್' ಬಲವಾದ ಅಭ್ಯರ್ಥಿ, ಆದರೆ ಅವಿರೋಧ ಆಯ್ಕೆ ಆಗಿಲ್ಲ. ಫಾರ್ವರ್ಡಿನಲ್ಲಿ ಈ ಅನುಮಾನದ ಸುಳಿವೇ ಇರಲಿಲ್ಲ.

ಪರೀಕ್ಷೆ ಎರಡು: ಅರ್ಥ

ಈಗ ದೊಡ್ಡ ಪ್ರಶ್ನೆ. ಹಿಂಸೆಯ ಗೂಟದಿಂದಲೇ ಪದ ಹೊರಟಿತು ಅಂತ ಒಪ್ಪೋಣ. ಅದು 'ಕೆಲಸ'ಕ್ಕೆ ತಲುಪಿದ್ದು ಹೇಗೆ? ಫಾರ್ವರ್ಡ್ ಓದಿದರೆ ರೋಮನ್ನರು ಆಫೀಸಿಗೆ ಹೋಗಿ ಬಂದು "ಅಯ್ಯೋ, ಇದು ಚಿತ್ರಹಿಂಸೆ" ಅಂತ ಹೆಸರಿಟ್ಟರೇನೋ ಅನ್ನಿಸುತ್ತದೆ. ಹಾಗೇನೂ ಆಗಿಲ್ಲ. ರೋಮನ್ನರಿಗೆ ಕೆಲಸಕ್ಕೆ ಬೇರೆ ಪದಗಳಿದ್ದವು. 'ಓಪುಸ್' ಅಂದರೆ ಕೆಲಸ, ಕೃತಿ. ಅದರ ಕ್ರಿಯಾಪದ 'ಓಪೆರಾರಿ'. 'ಲಾಬೊರ್' ಅಂದರೆ ದುಡಿಮೆ, ಶ್ರಮ. ಅದರ ಕ್ರಿಯಾಪದ 'ಲಾಬೊರಾರೆ'.

ಹಳೆಯ ಫ್ರೆಂಚಿನಲ್ಲಿ 'ತ್ರಾವಾಯೇ'ಯ ಹಿಂದಿನ ರೂಪಕ್ಕೆ ಮೊದಲು ಇದ್ದ ಅರ್ಥ ಕೆಲಸ ಮಾಡು ಅಂತ ಅಲ್ಲವೇ ಅಲ್ಲ. ಪೀಡಿಸು, ಕಾಡು, ದಣಿಸು, ಸಂಕಟಪಡು ಅಂತ. ನಾಮಪದಕ್ಕೆ ನೋವು, ಬಳಲಿಕೆ ಅಂತ. ಅದರಲ್ಲೂ ಹೆರಿಗೆ ನೋವಿಗೆ ಇದನ್ನು ಬಳಸುತ್ತಿದ್ದರು. ಆ ಬಳಕೆ ಇನ್ನೂ ಜೀವಂತವಾಗಿದೆ. ಫ್ರಾನ್ಸಿನ ಆಸ್ಪತ್ರೆಯಲ್ಲಿ 'ಸಾಲ್ ದ ತ್ರಾವಾಯ್' ಅನ್ನುವ ಫಲಕ ಕಂಡರೆ ಆಫೀಸ್ ಕೋಣೆ ಅಂದುಕೊಂಡು ಒಳಗೆ ನುಗ್ಗಬೇಡಿ, ಅದು ಹೆರಿಗೆಗೆ ಬಂದವರು ನೋವು ತಿನ್ನುವ ಕೋಣೆ! ನಮ್ಮ ಊರಿನ ಆಸ್ಪತ್ರೆಯಲ್ಲೂ ಅದನ್ನು 'ಲೇಬರ್ ವಾರ್ಡ್' ಅಂತೀವಿ. ಲ್ಯಾಟಿನ್ 'ಲಾಬೊರ್' ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಬಂದು ಕೂತಿದೆ.

ಗೂಟದ ನೆನಪು ಉಳಿದಿರುವ ಇನ್ನೊಂದು ಜಾಗ ಕಮ್ಮಾರಸಾಲೆ. ಕುದುರೆ, ಎತ್ತುಗಳಿಗೆ ಲಾಳ ಹೊಡೆಯುವಾಗ ಅವು ಅಲುಗಾಡದಂತೆ ನಿಲ್ಲಿಸುವ ಮರದ ಚೌಕಟ್ಟಿಗೂ ಫ್ರೆಂಚಿನಲ್ಲಿ 'ತ್ರಾವಾಯ್' ಅಂತಲೇ ಹೆಸರು. ನಮ್ಮ ಕಡೆ ಎತ್ತನ್ನು ಹಗ್ಗ ಹಾಕಿ ಕೆಡವಿ ಲಾಳ ಕಟ್ಟುತ್ತಾರೆ, ಅಲ್ಲಿ ಚೌಕಟ್ಟಿಗೆ ಬಿಗಿದು ನಿಲ್ಲಿಸಿಯೇ ಹೊಡೆಯುತ್ತಿದ್ದರು. ವ್ಯಾಕರಣದ ಒಂದು ಸ್ವಾರಸ್ಯ ಕೇಳಿ: ಕೆಲಸ ಅನ್ನುವ ಅರ್ಥದಲ್ಲಿ ಬಹುವಚನ 'ತ್ರಾವೋ', ಈ ಚೌಕಟ್ಟಿಗೆ ಮಾತ್ರ ಬಹುವಚನದಲ್ಲೂ 'ತ್ರಾವಾಯ್' ಅನ್ನುವ ಉಚ್ಚಾರವೇ.

ಇಂಗ್ಲಿಷರು ಈ ಪದವನ್ನು ನಾರ್ಮನ್ನರಿಂದ ತೆಗೆದುಕೊಂಡರು. ಅವರಲ್ಲಿ ಅದು ಎರಡಾಗಿ ಒಡೆಯಿತು. ಒಂದು ಕವಲು ಸಂಕಟ ಅನ್ನುವ ಅರ್ಥದಲ್ಲೇ ಉಳಿಯಿತು. ಇನ್ನೊಂದು 'ಕಷ್ಟಪಟ್ಟು ದಾರಿ ಸವೆಸು' ಅಂತಾಗಿ, ಆಮೇಲೆ ಕಷ್ಟವೂ ಕಳಚಿಕೊಂಡು ಬರೀ ಪ್ರಯಾಣ ಆಯಿತು. ಹೌದು, 'ಟ್ರಾವೆಲ್'. ಮೆಜೆಸ್ಟಿಕ್ ಸುತ್ತಮುತ್ತ ಸಾಲಾಗಿ ಕಾಣುವ 'ಟ್ರಾವೆಲ್ಸ್' ಬೋರ್ಡುಗಳೆಲ್ಲ ಇದೇ ವಂಶದವು. ಹಬ್ಬದ ಹಿಂದಿನ ರಾತ್ರಿ ಊರಿಗೆ ಹೊರಟವರಿಗೆ ಹಳೆಯ ಅರ್ಥ ಇನ್ನೂ ಅನುಭವಕ್ಕೆ ಬರುತ್ತದೆ, ಅದು ಬೇರೆ ಮಾತು. ಇಟಲಿಯವರ 'ತ್ರವಾಲ್ಯೊ' ಇವತ್ತಿಗೂ ಸಂಕಟ, ಹೆರಿಗೆ ನೋವು ಅನ್ನುವ ಅರ್ಥಗಳಲ್ಲೇ ಇದೆ. ಕೆಲಸಕ್ಕೆ ಅವರು 'ಲಾಬೊರ್'ನಿಂದ ಬಂದ 'ಲವೋರೊ' ಬಳಸುತ್ತಾರೆ. ಬೀಜ ಒಂದೇ ಆದರೂ ಒಂದೊಂದು ಭಾಷೆಯ ಮಣ್ಣಿನಲ್ಲಿ ಒಂದೊಂದು ರೀತಿ ಬೆಳೆದಿದೆ.

ಹಾಗಾದರೆ ಫ್ರೆಂಚಿನಲ್ಲಿ ಇದಕ್ಕೆ 'ಕೆಲಸ' ಅನ್ನುವ ಪಟ್ಟ ಸಿಕ್ಕಿದ್ದು ಯಾಕೆ? ಅರ್ಧ ಕಾರಣ ಅರ್ಥದ ಜಾರುವಿಕೆ: ಸಂಕಟಪಡು, ದಣಿ, ದಣಿಯುವಷ್ಟು ಪ್ರಯತ್ನಪಡು, ಪ್ರಯತ್ನಪಟ್ಟು ಮಾಡು, ಮಾಡು. ಒಂದೊಂದು ಮೆಟ್ಟಿಲೂ ಚಿಕ್ಕದೇ. ಇನ್ನರ್ಧ ಕಾರಣ, ಕುರ್ಚಿ ಖಾಲಿ ಆಗಿದ್ದು. ಮೊದಲು ಆ ಕುರ್ಚಿಯಲ್ಲಿ ಇದ್ದದ್ದು 'ಓಪೆರಾರಿ'ಯ ಮಗ 'ಊವ್ರೇ'. ಪಾಪ, ಅದಕ್ಕೆ ಒಂದು ಗ್ರಹಚಾರ ಗಂಟುಬಿತ್ತು. 'ತೆರೆ' ಅನ್ನುವ ಅರ್ಥದ 'ಊವ್ರೀರ್' ಕ್ರಿಯಾಪದದ ಹಲವು ರೂಪಗಳೂ ಇದರ ರೂಪಗಳೂ ಒಂದೇ ಥರ ಕೇಳಿಸತೊಡಗಿದವು. 'ನೂ ಊವ್ರೋಂ' ಅಂದರೆ 'ನಾವು ಕೆಲಸ ಮಾಡುತ್ತೇವೆ'ಯೋ, 'ನಾವು ತೆರೆಯುತ್ತೇವೆ'ಯೋ? ಇನ್ನೊಂದು ಪದ, 'ಲಾಬೊರಾರೆ'ಯ ಮಗ 'ಲಾಬೂರೇ', ಹಳ್ಳಿಯಲ್ಲಿ ನೆಲೆನಿಂತು ಬರೀ 'ಉಳು' ಅನ್ನುವ ಅರ್ಥಕ್ಕೆ ಇಳಿಯಿತು. ಹೀಗೆ 16ನೇ ಶತಮಾನದ ಹೊತ್ತಿಗೆ 'ತ್ರಾವಾಯೇ' ಸಾಮಾನ್ಯ 'ಕೆಲಸ ಮಾಡು' ಆಗಿ ನೆಲೆಯೂರಿತು. 'ಊವ್ರೇ' ಪೂರ್ತಿ ಸಾಯಲಿಲ್ಲ. ಕಾರ್ಮಿಕನಿಗೆ 'ಊವ್ರಿಯೇ', ಕೆಲಸದ ದಿನಕ್ಕೆ 'ಜೂರ್ ಊವ್ರಾಬ್ಲ್' ಅನ್ನುವಲ್ಲಿ ಉಳಿದುಕೊಂಡಿದೆ. ಅದು ಅಂಗಡಿ ತೆರೆದಿರುವ ದಿನ ಅಂತ ತಪ್ಪು ತಿಳಿಯುವವರು ಫ್ರೆಂಚರಲ್ಲೇ ಇದ್ದಾರೆ.

ಓಸೇರ್ ಸಭೆಯಿಂದ ಇಲ್ಲಿಗೆ ಲೆಕ್ಕ ಹಾಕಿ: ಸುಮಾರು ಸಾವಿರ ವರ್ಷ. 'ಕೆಲಸ' ಅನ್ನುವ ಅರ್ಥ ಗಟ್ಟಿಯಾಗುವ ಹೊತ್ತಿಗೆ ಜನರ ಮನಸ್ಸಿನಲ್ಲಿ ಆ ಮೂರು ಗೂಟ ಇರಲೇ ಇಲ್ಲ. 'ಕೆಲಸ'ಕ್ಕೆ ಯಾರೂ 'ಹಿಂಸೆ' ಅಂತ ಹೆಸರಿಡಲಿಲ್ಲ. ಹಿಂಸೆ ಅನ್ನುವ ಅರ್ಥ ಸವೆದ ಮೇಲೆಯೇ ಆ ಪದ ಕೆಲಸಕ್ಕೆ ಒದಗಿತು. ಫಾರ್ವರ್ಡಿನ ನಿಜವಾದ ಬಗ್ ಇದು.

ಇದು ಫ್ರೆಂಚರ ಗುಣವೂ ಅಲ್ಲ

ಕಷ್ಟದ ಪದ ಕೆಲಸದ ಪದವಾಗುವುದು ಬೇರೆಡೆಯೂ ನಡೆದಿದೆ. ಜರ್ಮನ್ನರ 'ಆರ್ಬೈಟ್' ಹಿಂದೆ ಕಷ್ಟ, ಪಾಡು ಅನ್ನುವ ಅರ್ಥದಲ್ಲಿತ್ತು. ರೊಮೇನಿಯನ್ನರು ಕೆಲಸಕ್ಕೆ ಬಳಸುವ 'ಮುಂಕ' ಸ್ಲಾವಿಕ್ ಭಾಷೆಯ 'ಯಾತನೆ'ಯಿಂದ ಬಂದ ಪದ. ಅಲ್ಲಿ ಮೂರು ಗೂಟವೂ ಇಲ್ಲ, ತೊಲೆಯೂ ಇಲ್ಲ, ಆದರೂ ದಾರಿ ಒಂದೇ. ನಮ್ಮದನ್ನೇ ನೋಡಿ. ಸಂಸ್ಕೃತದ 'ಶ್ರಮ'ದ ಧಾತುವಿಗೆ ದಣಿ, ಬಳಲು ಅಂತ ಅರ್ಥ. ಇಂದು ಶ್ರಮದಾನ, ಶ್ರಮಿಕ, ಪರಿಶ್ರಮ ಅನ್ನುವಾಗ ಬಳಲಿಕೆಗಿಂತ ದುಡಿಮೆಯೇ ಮುಂದೆ ಬರುತ್ತದೆ. 'ಹೊಟ್ಟೆಪಾಡು' ಇನ್ನೂ ಹತ್ತಿರದ್ದು. 'ಪಡು' ಅನ್ನುವುದರಿಂದ 'ಪಾಡು', ಅನುಭವಿಸಿದ್ದು. "ಹೊಟ್ಟೆಪಾಡಿಗೆ ಏನ್ ಮಾಡ್ತಿದೀಯಪ್ಪಾ?" ಅಂತ ಕೇಳಿದರೆ ನಾವು ನೋವಿನ ಪಟ್ಟಿ ಕೊಡುವುದಿಲ್ಲ, ಕೆಲಸದ ಹೆಸರು ಹೇಳುತ್ತೇವೆ.

ಆದರೆ ಹಳೆಯ ಅರ್ಥ ಪೂರ್ತಿ ಅಳಿಸಿಹೋಗುವುದೂ ಇಲ್ಲ. ಫ್ರೆಂಚರು ಏನಾದರೂ ಮನಸ್ಸನ್ನು ಕೊರೆಯುತ್ತಿದ್ದರೆ 'ಸಾ ಮ ತ್ರಾವಾಯ್' ಅನ್ನುತ್ತಾರೆ: ಅದು ನನ್ನನ್ನು ಕಾಡುತ್ತಿದೆ. ತೇವಕ್ಕೆ ಉಬ್ಬಿ, ಒಣಗಿ ಸೊಟ್ಟಗಾಗುವ ಮರದ ಹಲಗೆಗೂ 'ತ್ರಾವಾಯೇ' ಅಂತಲೇ ಹೇಳುತ್ತಾರೆ. ಸಿವಿಲ್‌ನವರು ಗಮನಿಸಿ.

ಕೊನೆಯ ತಿರುವು: ನಮ್ಮ ಸಿಲಬಸ್ಸು

ಈ ಪದದ ಕೊನೆಯ ದೊಡ್ಡ ತಿರುವು ನಡೆದದ್ದು ಎಂಜಿನಿಯರುಗಳ ಕೈಯಲ್ಲಿ. ಉಗಿಯಂತ್ರಗಳ ಕಾಲದಲ್ಲಿ ಯಂತ್ರ ಎಷ್ಟು 'ಮಾಡಿತು' ಅಂತ ಅಳೆಯಲು ಒಂದು ಪ್ರಮಾಣ ಬೇಕಿತ್ತು. ಅದಕ್ಕೆ ಹಲವರು ಹಲವು ಹೆಸರು ಬಳಸುತ್ತಿದ್ದರು. ವಿದ್ಯುದಾವೇಶದ ನಿಯಮದಿಂದ ನಮಗೆ ಪರಿಚಯವಿರುವ ಕುಲೋಂ ಅದನ್ನು 'ಕ್ರಿಯೆಯ ಪ್ರಮಾಣ' ಅನ್ನುತ್ತಿದ್ದ. ಮನುಷ್ಯರು ಭಾರ ಹೊರುವುದನ್ನು ಅಧ್ಯಯನ ಮಾಡುವಾಗ, ಕೆಲಸದಿಂದ ಆದ ಪರಿಣಾಮ ಬೇರೆ, ಕೆಲಸಗಾರನಿಗೆ ಆದ ದಣಿವು ಬೇರೆ ಅಂತ ಆತ ಬಿಡಿಸಿ ನೋಡಿದ್ದ. 1829ರಲ್ಲಿ ಗಾಸ್ಪಾರ್-ಗುಸ್ತಾವ್ ಕೊರಿಯೊಲಿಸ್, ಹೌದು, ಕೊರಿಯೊಲಿಸ್ ಬಲದ ಅದೇ ಮನುಷ್ಯ, ಯಂತ್ರಗಳ ಪರಿಣಾಮದ ಲೆಕ್ಕಾಚಾರದ ಬಗ್ಗೆ ಒಂದು ಪುಸ್ತಕ ಬರೆದ. ಬಲವನ್ನು ಆ ಬಲದ ದಿಕ್ಕಿನಲ್ಲಿ ಸರಿದ ದೂರದಿಂದ ಗುಣಿಸಿದರೆ ಸಿಗುವುದಕ್ಕೆ ಅದರಲ್ಲಿ 'ತ್ರಾವಾಯ್' ಅಂತ ಹೆಸರಿಟ್ಟ. ಅದೇ ಕಾಲದಲ್ಲಿ ಪೋನ್ಸ್‌ಲೇ ಕೂಡ ಈ ಪದವನ್ನು ಬಳಕೆಗೆ ತಂದ. ನಾವು ಹೈಸ್ಕೂಲಿನಲ್ಲಿ ಓದಿದ 'ಕೆಲಸ = ಬಲ × ಸ್ಥಾನಪಲ್ಲಟ' ಇದೇ.

ಈಗ ಒಂದು ಲೆಕ್ಕ. 20 ಕೆ.ಜಿ. ಮೂಟೆಯನ್ನು ನೆಲದಿಂದ 1 ಮೀಟರ್ ಎತ್ತಿದರೆ, ಗುರುತ್ವದ ವೇಗೋತ್ಕರ್ಷ 9.8 ಅಂತ ಹಿಡಿದು, 196 ಜೂಲ್ ಕೆಲಸ. ಅದೇ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಂದು ಗಂಟೆ ಅಲ್ಲಾಡದೆ ನಿಂತರೆ? ಸ್ಥಾನಪಲ್ಲಟ ಸೊನ್ನೆ, ಹಾಗಾಗಿ ಮೂಟೆಯ ಮೇಲೆ ಆದ ಕೆಲಸವೂ ಸೊನ್ನೆ. 12ನೇ ಶತಮಾನದ ಫ್ರೆಂಚನೊಬ್ಬ ಆ ಹಮಾಲಿಯನ್ನು ನೋಡಿದ್ದರೆ "ಎಂಥಾ ತ್ರಾವಾಯ್!" ಅನ್ನುತ್ತಿದ್ದ. ಕೊರಿಯೊಲಿಸ್‌ನ ಪುಸ್ತಕದ ಪ್ರಕಾರ ಅಲ್ಲಿ ತ್ರಾವಾಯ್ ಇಲ್ಲವೇ ಇಲ್ಲ. ನೋವಿಗಾಗಿ ಹುಟ್ಟಿದ ಪದ, ನೋವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪದವಾಗಿ ಬದಲಾಗಿತ್ತು.

ಗೆಳೆಯನಿಗೆ ಕೊಟ್ಟ ಉತ್ತರ

ಇಷ್ಟೆಲ್ಲ ಓದಿ, ಜಗಳ ಆಡಿ, ನಾವು ಗೆಳೆಯನಿಗೆ ಹೀಗೆ ಬರೆದೆವು: "ಮೂರು ಗೂಟದಿಂದ ಬಂದಿರಬಹುದು, ಸಾಧ್ಯತೆ ಜಾಸ್ತಿ. ತೊಲೆಯಿಂದಲೂ ಬಂದಿರಬಹುದು. ಆದರೆ ಕೆಲಸ ಅಂದ್ರೆ ಹಿಂಸೆ ಅಂತ ಇದರಿಂದ ಸಾಬೀತಾಗಲ್ಲ. ಪದದ ಹುಟ್ಟು ಅದರ ಇವತ್ತಿನ ಅರ್ಥ ಅಲ್ಲ."

ಅವನು ಸ್ವಲ್ಪ ಹೊತ್ತು ಬಿಟ್ಟು ಉತ್ತರಿಸಿದ: "ಸರಿ. ಹಾಗಾದ್ರೆ ನನಗೆ ಅಲ್ಲಿ ಆಗಿದ್ದು ಹಿಂಸೆ ಅಂತ ಹೇಳೋಕೆ ಲ್ಯಾಟಿನ್ ಬೇಕಿಲ್ಲ, ಅಲ್ವಾ?"

ಬೇಕಿಲ್ಲ. ಆ ಮಾತನ್ನು ನಾವು ಮೊದಲೇ ಯೋಚಿಸಬೇಕಿತ್ತು. ಒಂದು ಕೆಲಸ ಹಿಂಸೆಯಾಗಿದ್ದರೆ ಅದು ಅಲ್ಲಿನ ಗಂಟೆಗಳಿಂದ, ಮಾತುಗಳಿಂದ, ನಡವಳಿಕೆಯಿಂದ. ಸಾವಿರದ ನಾನೂರು ವರ್ಷದ ಹಿಂದಿನ ಗೂಟದಿಂದಲ್ಲ. "ಕೆಲಸ ಅಂದ್ರೇನೇ ಹಿಂಸೆ, ಪದದಲ್ಲೇ ಇದೆ ನೋಡು" ಅಂತ ನಕ್ಕುಬಿಟ್ಟರೆ, ಸರಿಮಾಡಬಹುದಾದದ್ದನ್ನೂ ಹಣೆಬರಹ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಅವನು ಈಗ ಬೇರೆ ಕಡೆ ಅರ್ಜಿ ಹಾಕಿದ್ದಾನೆ.

ಮುಂದಿನ ಸಂಚಿಕೆಗೆ ನಿಮಗೊಂದು ಮನೆಗೆಲಸ. ಫ್ರೆಂಚಿನಲ್ಲಿ 'ತಲುಪು, ಬಂದು ಸೇರು' ಅನ್ನುವುದಕ್ಕೆ 'ಆರಿವೇ' ಅನ್ನುತ್ತಾರೆ. ಮೊದಲ ಅಕ್ಷರ ಲ್ಯಾಟಿನ್ನಿನ 'ಆದ್', ಅಂದರೆ 'ಕಡೆಗೆ'. ಉಳಿದ ಭಾಗದ 'ವ' ಹಿಂದೆ ಏನಾಗಿತ್ತು, ಇವತ್ತು ಕಲಿತ ನಿಯಮ ಹಚ್ಚಿ ನೋಡಿ. ಸಿಗುವ ಪದ ಈ ಲೇಖನದಲ್ಲೇ ಇದೆ. ಆ ಕ್ರಿಯಾಪದವನ್ನು ಮೊದಲು ಬಳಸಿದವರು ಯಾವುದರಲ್ಲಿ ಕೂತು ಬರುತ್ತಿದ್ದರು ಅಂತಲೂ ಊಹಿಸಿ. ಉತ್ತರ ಬರೆದು ಕಳಿಸಿ, ಮುಂದಿನ ಪದಕಟ್ಟೆಯಲ್ಲಿ ಮಾತಾಡೋಣ.